ಹಳೆಯ ಟ್ರಾನ್ಸ್‌ಫಾರ್ಮರ್ ಎಣ್ಣೆಯನ್ನು ಶುದ್ಧ ಮಾಡಿ ಮತ್ತೆ ಬಳಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರ್ಖಾನೆ, ಅಕ್ಕಿ ಗಿರಣಿ, ಆಸ್ಪತ್ರೆಗಳಲ್ಲಿ ಸ್ವಂತ ಟ್ರಾನ್ಸ್‌ಫಾರ್ಮರ್ ಇಟ್ಟುಕೊಂಡವರು, ಟಿಸಿ (ಊರಿನ ಕಂಬದ ಸಣ್ಣ ಟ್ರಾನ್ಸ್‌ಫಾರ್ಮರ್) ರಿಪೇರಿ ಶೆಡ್ ನಡೆಸುವವರು, ಸಬ್‌ಸ್ಟೇಷನ್ ಕೆಲಸಕ್ಕೆ ಹೊಸದಾಗಿ ಸೇರಿದವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ. ಇಲ್ಲಿ ಹೇಳಿರುವುದು ಖನಿಜ ಎಣ್ಣೆಯ ಬಗ್ಗೆ. ನಮ್ಮಲ್ಲಿ ಬಹುಪಾಲು ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಇರುವುದು ಅದೇ.

ಎಣ್ಣೆ ಟ್ಯಾಂಕಿನೊಳಗೆ ಮುಚ್ಚಿಕೊಂಡೇ ಇರುತ್ತದಲ್ಲ, ಕೆಡುವುದು ಹೇಗೆ?

ಮುಚ್ಚಿದ್ದರೂ ಗಾಳಿ ಒಳಗೆ ಹೋಗುತ್ತದೆ. ಹಗಲು ಲೋಡ್ ಏರಿದಾಗ ಎಣ್ಣೆ ಬಿಸಿಯಾಗಿ ಹಿಗ್ಗುತ್ತದೆ, ರಾತ್ರಿ ತಣ್ಣಗಾಗಿ ಕುಗ್ಗುತ್ತದೆ. ಕುಗ್ಗಿದಾಗಲೆಲ್ಲ ಬ್ರೀದರ್ (ಟ್ಯಾಂಕಿಗೆ ಗಾಳಿ ಹೋಗಿಬರುವ ದಾರಿ) ಮೂಲಕ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಆ ಗಾಳಿಯಲ್ಲಿ ಆಮ್ಲಜನಕವೂ ಇದೆ, ತೇವವೂ ಇದೆ. ಒಳಗೆ ಶಾಖ ಇದೆ, ತಾಮ್ರ ಇದೆ. ಎಣ್ಣೆ ಆಮ್ಲಜನಕದ ಜೊತೆ ಸೇರುವ ಕೆಲಸವನ್ನು ತಾಮ್ರ ಇನ್ನೂ ಜೋರು ಮಾಡುತ್ತದೆ.

ಮೊದಲು ಪೆರಾಕ್ಸೈಡ್‌ಗಳು ಹುಟ್ಟುತ್ತವೆ, ಆಮೇಲೆ ಆಮ್ಲಗಳು. ಕೊನೆಗೆ ಎಣ್ಣೆಯಲ್ಲಿ ಪೂರ್ತಿ ಕರಗದೆ ಉಳಿಯುವ ಜಿಗುಟು ಪದಾರ್ಥ. ಅದಕ್ಕೇ ಸ್ಲಡ್ಜ್ ಅನ್ನುವುದು. ಕೆಟ್ಟ ಟ್ರಾನ್ಸ್‌ಫಾರ್ಮರ್‌ನ ಕೋರ್ ಮತ್ತು ಕಾಯಿಲ್ ಮೇಲೆತ್ತಿದಾಗ ನೋಡಿ. ಕಾಯಿಲ್‌ಗಳ ಮಧ್ಯೆ ಎಣ್ಣೆ ಹರಿಯಬೇಕಾದ ಸಂದಿಗಳಲ್ಲಿ ಕಂದುಗಪ್ಪು ಲೇಪ ಕೂತಿರುತ್ತದೆ. ಬೆರಳಿಂದ ಕೆರೆದರೆ ಮೇಣದ ಹಾಗೆ ಸುರುಳಿ ಬರುತ್ತದೆ, ಹುಳಿ ಬೆರೆತ ಸುಟ್ಟ ವಾಸನೆ ಇರುತ್ತದೆ. ಈ ಲೇಪ ಶಾಖವನ್ನು ಹೊರಗೆ ಬಿಡುವುದಿಲ್ಲ. ಕಾಯಿಲ್ ಇನ್ನೂ ಬಿಸಿಯಾಗುತ್ತದೆ, ಎಣ್ಣೆ ಇನ್ನೂ ಬೇಗ ಕೆಡುತ್ತದೆ. ಒಮ್ಮೆ ಇದು ಶುರುವಾದರೆ ತಾನಾಗಿ ನಿಲ್ಲುವುದಿಲ್ಲ.

ಎಣ್ಣೆಯ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ? ಕೆಟ್ಟರೆ ಬದಲಾಯಿಸಿದರಾಯಿತು, ಅಲ್ವಾ?

ಎಣ್ಣೆಯನ್ನು ಬದಲಾಯಿಸಬಹುದು. ಕಾಯಿಲ್ ಸುತ್ತಿರುವ ಕಾಗದವನ್ನು ಬದಲಾಯಿಸಬೇಕಾದರೆ ಟ್ರಾನ್ಸ್‌ಫಾರ್ಮರ್ ಬಿಚ್ಚಿ ಪೂರ್ತಿ ರಿವೈಂಡಿಂಗ್ ಮಾಡಿಸಬೇಕು. ಟ್ರಾನ್ಸ್‌ಫಾರ್ಮರ್‌ನ ಆಯುಸ್ಸು ಅಂದರೆ ಆ ಕಾಗದದ ಆಯುಸ್ಸು. ನಾನು ಇಲ್ಲಿ ಹೇಳುವುದೆಲ್ಲ ಕೊನೆಗೆ ಬಂದು ನಿಲ್ಲುವುದು ಈ ಕಾಗದದ ಹತ್ತಿರವೇ.

ಆ ಕ್ರಾಫ್ಟ್ ಕಾಗದ ಉದ್ದುದ್ದ ಸೆಲ್ಯುಲೋಸ್ ಸರಪಳಿಗಳಿಂದ ಆದದ್ದು. ಹೊಸ ಕಾಗದದ ಒಂದೊಂದು ಸರಪಳಿಯಲ್ಲೂ ಸುಮಾರು 1000 ಕೊಂಡಿ ಇರುತ್ತವೆ. ಅದು 200ಕ್ಕೆ ಇಳಿದರೆ ಕಾಗದದ ಕೆಲಸ ಮುಗಿಯಿತು ಅಂತ ಲೆಕ್ಕ. ಆಮೇಲೆ ಒಂದು ಶಾರ್ಟ್ ಸರ್ಕ್ಯೂಟ್ ಹೊಡೆತ ಬಿದ್ದರೂ ಪುಡಿಪುಡಿ. ಈ ಕೊಂಡಿಗಳನ್ನು ಕತ್ತರಿಸುವುದು ಶಾಖ, ನೀರು ಮತ್ತು ಎಣ್ಣೆಯಲ್ಲಿ ಹುಟ್ಟಿದ ಆಮ್ಲ, ಮೂರೂ ಸೇರಿ. ಹೋದ ಕೊಂಡಿಯನ್ನು ಯಾವ ಮೆಷಿನ್ನೂ ವಾಪಸ್ ತರುವುದಿಲ್ಲ.

ಎಣ್ಣೆ ಬದಲಾಯಿಸುವುದರಲ್ಲಿ ಇನ್ನೊಂದು ತೊಂದರೆಯೂ ಇದೆ. ಟ್ಯಾಂಕ್ ಖಾಲಿ ಮಾಡಿದರೂ ಹಳೆಯ ಎಣ್ಣೆಯ ಸುಮಾರು ಹತ್ತನೇ ಒಂದು ಭಾಗ ಕಾಗದ, ಮರ, ಪ್ರೆಸ್‌ಬೋರ್ಡ್‌ಗಳ ಒಳಗೆ ಹೀರಿಕೊಂಡು ಕೂತಿರುತ್ತದೆ. ಅದರ ಆಮ್ಲ, ಸ್ಲಡ್ಜ್ ಎರಡೂ ಹೊಸ ಎಣ್ಣೆಗೆ ಇಳಿಯುತ್ತವೆ. ದುಬಾರಿ ಹೊಸ ಎಣ್ಣೆ ಹಾಕಿ ಕೆಲವು ತಿಂಗಳಲ್ಲೇ ಆಮ್ಲದ ಅಂಕಿ ಮತ್ತೆ ಏರಿತು ಎಂದು ದೂರುವವರು ಬಹಳ ಮಂದಿ. ಎಣ್ಣೆ ಕೊಟ್ಟವನ ತಪ್ಪಲ್ಲ ಅದು.

ಬಣ್ಣ ನೋಡಿ ಎಣ್ಣೆ ಕೆಟ್ಟಿದೆ ಅಂತ ಹೇಳಬಹುದಾ?

ಅನುಮಾನ ಪಡಬಹುದು, ತೀರ್ಪು ಕೊಡಬಾರದು. ಹೊಸ ಎಣ್ಣೆ ತಿಳಿ ಹಳದಿ. ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ ಪರೀಕ್ಷೆ ಮಾಡಿಸುವ ಹೊತ್ತು ಬಂದಿದೆ ಅಂತ. ಆದರೆ ತಿಳಿಯಾಗಿ ಕಂಡರೂ ನೀರು ತುಂಬಿಕೊಂಡ ಎಣ್ಣೆ ಇರುತ್ತದೆ. ಕಪ್ಪಗಿದ್ದರೂ ಇನ್ನೂ ಕೆಲಸ ಮಾಡಬಲ್ಲ ಎಣ್ಣೆಯೂ ಇರುತ್ತದೆ. ಬಣ್ಣ ಒಂದೇ ವರ್ಷದಲ್ಲಿ ಥಟ್ಟನೆ ಬದಲಾಗಿದ್ದರೆ ಮಾತ್ರ ತಡ ಮಾಡಬೇಡಿ.

ನಮ್ಮ ಎಣ್ಣೆಗೆ ಬಿಡಿವಿ (ಬ್ರೇಕ್‌ಡೌನ್ ವೋಲ್ಟೇಜ್, ಅಂದರೆ ಎಣ್ಣೆಯಲ್ಲಿ ಕಿಡಿ ಹಾರುವ ವೋಲ್ಟೇಜ್) 60 ಕೆವಿ ಬಂದಿದೆ. ಇನ್ನೇನು ಚಿಂತೆ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಅತಿ ಹೆಚ್ಚು ನಷ್ಟ ಮಾಡಿಸಿರುವ ನಂಬಿಕೆಯೂ ಇದೇ.

ಬಿಡಿವಿ ಪರೀಕ್ಷೆಯಲ್ಲಿ ನಡೆಯುವುದೇನು ಅಂತ ನೋಡೋಣ. ಒಂದು ಪುಟ್ಟ ಡಬ್ಬಿಗೆ ಎಣ್ಣೆ ತುಂಬುತ್ತಾರೆ. ಅದರಲ್ಲಿ ಎರಡು ಎಲೆಕ್ಟ್ರೋಡ್‌ಗಳು ಎದುರುಬದುರಾಗಿ 2.5 ಮಿಲಿಮೀಟರ್ ಅಂತರದಲ್ಲಿ ಇರುತ್ತವೆ. ಗುಳ್ಳೆ ಅಡಗುವವರೆಗೆ ಸುಮಾರು ಐದು ನಿಮಿಷ ಬಿಟ್ಟು, ಸೆಕೆಂಡಿಗೆ 2 ಕೆವಿ ಲೆಕ್ಕದಲ್ಲಿ ವೋಲ್ಟೇಜ್ ಏರಿಸುತ್ತಾರೆ. ಚಟ್ ಅಂತ ಕಿಡಿ ಹಾರಿದ ಕಡೆ ಅಂಕಿ ಬರೆದುಕೊಳ್ಳುತ್ತಾರೆ. ಎರಡೆರಡು ನಿಮಿಷ ಬಿಟ್ಟು ಒಟ್ಟು ಆರು ಸಲ ಮಾಡಿ ಸರಾಸರಿ ತೆಗೆಯುತ್ತಾರೆ. ಈ ಕಿಡಿಯನ್ನು ಬೇಗ ಹಾರಿಸುವುದು ಎರಡು: ನೀರು ಮತ್ತು ತೇಲುವ ನಾರು, ಧೂಳು. ಎಣ್ಣೆಯಲ್ಲಿ ಕರಗಿದ ಆಮ್ಲವನ್ನು ಈ ಪರೀಕ್ಷೆ ಹೆಚ್ಚುಕಡಿಮೆ ನೋಡುವುದೇ ಇಲ್ಲ.

ಹಾಗಾಗಿ ಆಮ್ಲ ತುಂಬಿದ ಎಣ್ಣೆಯನ್ನು ಒಂದು ದಿನ ಫಿಲ್ಟರ್ ಮೆಷಿನ್‌ಗೆ ಹಾಕಿ ಒಣಗಿಸಿದರೆ ಬಿಡಿವಿ 60 ದಾಟುತ್ತದೆ. ರಿಪೋರ್ಟಿನಲ್ಲಿ ಪಾಸ್ ಅಂತ ಬರುತ್ತದೆ. ಕಾಗದ ಮಾತ್ರ ಆ ಆಮ್ಲದಲ್ಲೇ ನೆನೆಯುತ್ತಿರುತ್ತದೆ.

ಒಂದು ರಿಪೇರಿ ಶೆಡ್ಡಿನಲ್ಲಿ ನಾನು ಕಣ್ಣಾರೆ ನೋಡಿದ್ದು: ಸುಟ್ಟು ಬಂದ ಟಿಸಿಗಳ ಎಣ್ಣೆಯನ್ನೆಲ್ಲ ಒಂದೇ ತೊಟ್ಟಿಗೆ ಸುರಿಯುತ್ತಿದ್ದರು. ಒಂದರ ಎಣ್ಣೆ ಬೆಲ್ಲದ ಪಾಕದ ಬಣ್ಣ, ಇನ್ನೊಂದರದ್ದು ಇದ್ದಿಲಿನಂತೆ ಕಪ್ಪು. ಎಲ್ಲ ಒಟ್ಟಿಗೆ ಫಿಲ್ಟರ್ ಆಗಿ, ಬಿಡಿವಿ ನೋಡಿ, ಆಗತಾನೆ ಹೊಸ ಕಾಗದ ಸುತ್ತಿ ತಂದ ಟಿಸಿಗೆ ತುಂಬಿತು. ಆಮ್ಲದ ಪರೀಕ್ಷೆ ಯಾರೂ ಕೇಳಲಿಲ್ಲ. ಕೇಳಬೇಕು ಅಂತ ಅಲ್ಲಿ ಯಾರಿಗೂ ಯಾರೂ ಹೇಳಿಕೊಟ್ಟೂ ಇರಲಿಲ್ಲ. ಇದು ನನಗೆ ನಿಜವಾಗಿ ಸಂಕಟ ಕೊಡುವ ವಿಷಯ. ಆ ಟಿಸಿಯನ್ನು ನಂಬಿಕೊಂಡು ಬೋರ್‌ವೆಲ್ ಓಡಿಸುವ ರೈತ ಬೇಸಿಗೆಯಲ್ಲಿ ಮತ್ತೆ ಕಚೇರಿಗೆ ಅಲೆಯಬೇಕಾಗುತ್ತದೆ.

ಹಾಗಾದರೆ ಯಾವ ಪರೀಕ್ಷೆಗಳನ್ನು ಕೇಳಬೇಕು?

ಬಿಡಿವಿ ಜೊತೆಗೆ ಕನಿಷ್ಠ ಮೂರು: ಆಮ್ಲೀಯತೆ, ನೀರಿನ ಅಂಶ, ಇಂಟರ್‌ಫೇಶಿಯಲ್ ಟೆನ್ಷನ್. ದೊಡ್ಡ ಟ್ರಾನ್ಸ್‌ಫಾರ್ಮರ್ ಆದರೆ ಟ್ಯಾನ್ ಡೆಲ್ಟಾ (ಎಣ್ಣೆಯಲ್ಲಿ ಎಷ್ಟು ವಿದ್ಯುತ್ ಸೋರಿ ಶಾಖವಾಗುತ್ತದೆ ಅನ್ನುವ ಅಳತೆ), ಕರಗಿದ ಅನಿಲಗಳ ಪರೀಕ್ಷೆ ಮತ್ತು ಫ್ಯುರಾನ್ (ಕಾಗದ ಸವೆದಾಗ ಎಣ್ಣೆಗೆ ಸೇರುವ ಪದಾರ್ಥ) ಕೂಡ.

ಆಮ್ಲೀಯತೆ ಅಂದರೆ ಒಂದು ಗ್ರಾಂ ಎಣ್ಣೆಯಲ್ಲಿರುವ ಆಮ್ಲವನ್ನು ಸರಿದೂಗಿಸಲು ಎಷ್ಟು ಮಿಲಿಗ್ರಾಂ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೇಕು ಎಂಬ ಅಂಕಿ. ಹೊಸ ಎಣ್ಣೆಯಲ್ಲಿ ಇದು 0.01ರ ಆಸುಪಾಸು. ಬಳಕೆಯಲ್ಲಿರುವ ಎಣ್ಣೆಗೆ ಐಇಸಿ 60422 ಎಂಬ ಅಂತರರಾಷ್ಟ್ರೀಯ ಮಾನದಂಡ ದಾರಿ ತೋರಿಸುತ್ತದೆ. 72.5 ಕೆವಿವರೆಗಿನ ಟ್ರಾನ್ಸ್‌ಫಾರ್ಮರ್‌ಗಳಿಗೆ 0.15ರ ಕೆಳಗಿದ್ದರೆ ಚೆನ್ನ, 0.30 ದಾಟಿದರೆ ಕೆಟ್ಟದ್ದು. ಅದಕ್ಕಿಂತ ಮೇಲಿನ ವೋಲ್ಟೇಜ್‌ಗಳಿಗೆ 0.10ರಿಂದಲೇ ಎಚ್ಚರ ಬೇಕು. ನಮ್ಮಲ್ಲಿ ಇದೇ ಕೆಲಸಕ್ಕೆ ಭಾರತೀಯ ಮಾನದಂಡ ಐಎಸ್ 1866 ಇದೆ. ಹೊಸ ಎಣ್ಣೆಗೆ ಐಎಸ್ 335.

ಇಂಟರ್‌ಫೇಶಿಯಲ್ ಟೆನ್ಷನ್ ಅನ್ನುವುದು ಎಣ್ಣೆ ಮತ್ತು ನೀರಿನ ನಡುವಿನ ಮೇಲ್ಮೈ ಎಳೆತ. ಹೊಸ ಎಣ್ಣೆಯಲ್ಲಿ (ಮೀಟರಿಗೆ ಮಿಲಿನ್ಯೂಟನ್ ಲೆಕ್ಕದಲ್ಲಿ) 40ರ ಮೇಲಿರುತ್ತದೆ. ಎಣ್ಣೆ ಹಳೆಯದಾದಂತೆ ಇಳಿಯುತ್ತದೆ. ಆಮ್ಲೀಯತೆ ಇನ್ನೂ ಸುಮ್ಮನಿರುವಾಗಲೇ ಇದು ಇಳಿಯಲು ಶುರು ಮಾಡುತ್ತದೆ, ಅದಕ್ಕೇ ನನಗೆ ಈ ಪರೀಕ್ಷೆ ಇಷ್ಟ. 25ರ ಕೆಳಗೆ ಬಂದರೆ ಸ್ಲಡ್ಜ್ ಹತ್ತಿರದಲ್ಲಿದೆ ಅಂತ ತಿಳಿಯಿರಿ.

ಬೆಂಗಳೂರಿನ ಸಿಪಿಆರ್‌ಐನಲ್ಲಿ (ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ) ಇವೆಲ್ಲ ಪರೀಕ್ಷೆಗಳಿವೆ. ಖಾಸಗಿ ಲ್ಯಾಬ್‌ಗಳೂ ಮಾಡುತ್ತವೆ. ಲ್ಯಾಬ್‌ಗೆ ಎನ್‌ಎಬಿಎಲ್ ಮಾನ್ಯತೆ ಇದೆಯಾ ಅಂತ ನೋಡಿಕೊಳ್ಳಿ, ನಿಮಗೆ ಬೇಕಾದ ಪರೀಕ್ಷೆ ಆ ಮಾನ್ಯತೆಯೊಳಗೆ ಬರುತ್ತದಾ ಅಂತಲೂ ಕೇಳಿ.

ಸ್ಯಾಂಪಲ್ ತೆಗೆಯುವಾಗ ಏನು ಜೋಪಾನ ಮಾಡಬೇಕು?

ರಿಪೋರ್ಟ್ ಎಷ್ಟೋ ಸಲ ಹಾಳಾಗುವುದು ಇಲ್ಲೇ. ಮಳೆ ಬರುವಾಗ, ಮಂಜಿನ ಬೆಳಿಗ್ಗೆ ತೆಗೆಯಬೇಡಿ. ಕೆಳಗಿನ ವಾಲ್ವ್ ಒರೆಸಿ, ಮೊದಲು ಒಂದೆರಡು ಲೀಟರ್ ಬೇರೆ ಪಾತ್ರೆಗೆ ಬಿಡಿ. ವಾಲ್ವ್‌ನಲ್ಲಿ ನಿಂತ ಕೊಳೆ, ನೀರು ಅದರಲ್ಲಿ ಹೋಗುತ್ತದೆ. ಕಂದು ಗಾಜಿನ ಒಣ ಬಾಟಲಿಯನ್ನು ಅದೇ ಎಣ್ಣೆಯಿಂದ ತೊಳೆದು, ಆಮೇಲೆ ಗೋಡೆಗುಂಟ ನಿಧಾನವಾಗಿ ತುಂಬಿ. ಎಣ್ಣೆಯ ತಾಪಮಾನ ಬರೆದಿಡಿ.

ತಾಪಮಾನ ಯಾಕೆ ಅಂದರೆ, 20 ಡಿಗ್ರಿಯಲ್ಲಿ ಎಣ್ಣೆ ಸುಮಾರು 50 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 50 ಭಾಗ) ನೀರನ್ನಷ್ಟೇ ಕರಗಿಸಿಕೊಳ್ಳಬಲ್ಲದು. 60 ಡಿಗ್ರಿಯಲ್ಲಿ ಅದರ ನಾಲ್ಕು ಪಟ್ಟಿಗೂ ಜಾಸ್ತಿ. ತಣ್ಣಗಿನ ಟ್ರಾನ್ಸ್‌ಫಾರ್ಮರ್‌ನಲ್ಲಿ 30 ಪಿಪಿಎಂ ಬಂದರೆ ಅದು ದೊಡ್ಡ ವಿಷಯ. ಪೂರ್ತಿ ಲೋಡ್‌ನಲ್ಲಿ ಬಿಸಿಯಾಗಿರುವಾಗ ಅದೇ 30ಕ್ಕೆ ಅಷ್ಟು ಹೆದರಬೇಕಿಲ್ಲ. ತಾಪಮಾನ ಇಲ್ಲದ ನೀರಿನ ಅಂಕಿಗೆ ಅರ್ಥವೇ ಇಲ್ಲ.

ಬಿಸ್ಲೆರಿ ಬಾಟಲಿಯಲ್ಲಿ ಸ್ಯಾಂಪಲ್ ಕಳಿಸುವವರು ಈಗಲೂ ಇದ್ದಾರೆ. ದಯವಿಟ್ಟು ಬೇಡ.

ಫಿಲ್ಟರ್ ಮಾಡುವುದಕ್ಕೂ ರಿಕ್ಲೇಮ್ ಮಾಡುವುದಕ್ಕೂ ಏನು ವ್ಯತ್ಯಾಸ?

ಫಿಲ್ಟರ್ ಮೆಷಿನ್ ಎಣ್ಣೆಯನ್ನು 60 ಡಿಗ್ರಿ ಆಸುಪಾಸಿಗೆ ಬಿಸಿ ಮಾಡುತ್ತದೆ, ಕೆಲವೇ ಮೈಕ್ರಾನ್‌ನ ಜರಡಿಯಲ್ಲಿ ಸೋಸುತ್ತದೆ, ಆಮೇಲೆ ವ್ಯಾಕ್ಯೂಮ್ ಕೋಣೆಯಲ್ಲಿ ತೆಳ್ಳಗೆ ಹರಡಿ ನೀರು ಮತ್ತು ಗಾಳಿಯನ್ನು ಎಳೆದು ತೆಗೆಯುತ್ತದೆ. ಧೂಳು, ನೀರು, ಅನಿಲ ಹೋಗುತ್ತವೆ. ಆಮ್ಲ ಹೋಗುವುದಿಲ್ಲ. ಕರಗಿರುವ ಸ್ಲಡ್ಜ್ ಹೋಗುವುದಿಲ್ಲ. ಬಣ್ಣವೂ ಹೆಚ್ಚುಕಡಿಮೆ ಹಾಗೇ ಇರುತ್ತದೆ.

ರಿಕ್ಲೇಮ್ ಅಂದರೆ ಇದರ ಜೊತೆಗೆ ಎಣ್ಣೆಯನ್ನು ಹೀರುವ ಗುಣದ ಮಣ್ಣಿನ ಮೂಲಕ ಹಾಯಿಸುವುದು. ಆಮ್ಲ, ಸ್ಲಡ್ಜ್ ಆಗುವ ಪದಾರ್ಥ, ಬಣ್ಣ ಎಲ್ಲ ಮಣ್ಣಿಗೆ ಅಂಟಿಕೊಳ್ಳುತ್ತವೆ. ಆಮ್ಲೀಯತೆ, ಟ್ಯಾನ್ ಡೆಲ್ಟಾ ಇಳಿಯುತ್ತವೆ, ಇಂಟರ್‌ಫೇಶಿಯಲ್ ಟೆನ್ಷನ್ ಏರುತ್ತದೆ.

ಕೊಟೇಶನ್‌ನಲ್ಲಿ "ಎಣ್ಣೆ ಶುದ್ಧೀಕರಣ" ಅಂತಷ್ಟೇ ಇದ್ದರೆ ಸಾಮಾನ್ಯವಾಗಿ ಮೊದಲನೆಯದೇ. ಕೆಲಸ ಮುಗಿದ ಮೇಲೆ ಆಮ್ಲೀಯತೆ ಎಷ್ಟಕ್ಕೆ ಇಳಿಯಬೇಕು ಅಂತ ಅಂಕಿ ಸಮೇತ ಬರೆಸಿಕೊಳ್ಳಿ.

ನೀರಷ್ಟೇ ತೊಂದರೆ, ಆಮ್ಲ ಕಡಿಮೆ ಇದೆ ಅಂದರೆ ಫಿಲ್ಟರ್ ಸಾಕು. ಸುಮ್ನೆ ರಿಕ್ಲೇಮ್‌ಗೆ ದುಡ್ಡು ಹಾಕಬೇಡಿ.

ಆ ಮಣ್ಣು ಯಾವುದು? ಹೇಗೆ ಕೆಲಸ ಮಾಡುತ್ತದೆ?

ಫುಲ್ಲರ್ಸ್ ಅರ್ತ್. ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿಯ ಜಾತಿಯದೇ ಮಣ್ಣು. ನಮ್ಮ ದೇಶದಲ್ಲಿ ರಾಜಸ್ಥಾನದಲ್ಲಿ ಸಿಗುತ್ತದೆ. ಮೆಗ್ನೀಸಿಯಂ, ಅಲ್ಯೂಮಿನಿಯಂ ಸಿಲಿಕೇಟ್‌ಗಳಿಂದಾದ ಈ ಕಣಗಳ ಒಳಗೆ ಲೆಕ್ಕವಿಲ್ಲದಷ್ಟು ಸಣ್ಣ ರಂಧ್ರಗಳಿವೆ. ಎಣ್ಣೆಯ ಅಣುಗಳಿಗೆ ವಿದ್ಯುತ್ ಧ್ರುವ ಅಷ್ಟಾಗಿ ಇಲ್ಲ, ಆಮ್ಲದ ಅಣುಗಳಿಗೆ ಇದೆ. ಮಣ್ಣಿನ ಮೇಲ್ಮೈ ಧ್ರುವ ಇರುವವನ್ನು ಹಿಡಿದಿಟ್ಟುಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತದೆ.

ಸ್ಥಳದಲ್ಲೇ ಮಾಡುವ ಮೆಷಿನ್‌ಗಳಲ್ಲಿ ಉದ್ದನೆಯ ಉಕ್ಕಿನ ಕಂಬಗಳಲ್ಲಿ ಈ ಮಣ್ಣಿನ ಹರಳು ತುಂಬಿರುತ್ತಾರೆ. ಬಿಸಿ ಎಣ್ಣೆ ಅದರೊಳಗೆ ಹರಿಯುತ್ತದೆ. ಮೊದಲು ಹೊರಬರುವ ಎಣ್ಣೆ ಎಷ್ಟು ತಿಳಿಯಾಗಿರುತ್ತದೆ ಅಂದರೆ, ನೋಡುವ ಗಾಜಿನಲ್ಲಿ ಎಣ್ಣೆ ಇದೆಯಾ ಇಲ್ಲವಾ ಅಂತ ಬಾಗಿ ನೋಡಬೇಕು. ಗಂಟೆಗಳು ಕಳೆದಂತೆ ಹಳದಿ ಏರುತ್ತದೆ. ಮಣ್ಣು ತುಂಬಿತು ಅಂತ ಅರ್ಥ. ಹಳೆಯ ಪದ್ಧತಿಯಲ್ಲಿ ಆ ಮಣ್ಣು ತೆಗೆದು ಹೊಸದು ತುಂಬಬೇಕಿತ್ತು. ಈಗಿನ ಒಳ್ಳೆಯ ಮೆಷಿನ್‌ಗಳಲ್ಲಿ ಎಣ್ಣೆ ಬಸಿದು, ಗಾಳಿ ಬಿಟ್ಟು, ಮಣ್ಣಿಗೆ ಅಂಟಿದ ಕೊಳೆಯನ್ನು ಕಂಬದೊಳಗೇ ಸುಡುತ್ತಾರೆ. ಮಣ್ಣು ಮತ್ತೆ ಕೆಲಸಕ್ಕೆ ಬರುತ್ತದೆ. ಹೀಗೆ ನೂರಾರು ಸಲ ಬಳಸಬಹುದು.

ಮಣ್ಣು ಒಣಗಿರಬೇಕು. ಮಲೆನಾಡಿನ ಮಳೆಗಾಲದಲ್ಲಿ ಚೀಲ ಬಿಚ್ಚಿಟ್ಟರೆ ಅದು ಗಾಳಿಯ ತೇವವನ್ನೇ ಹೀರಿ ತುಂಬಿಕೊಂಡಿರುತ್ತದೆ, ಆಮ್ಲಕ್ಕೆ ಜಾಗ ಇರುವುದಿಲ್ಲ. ಕೆಲವು ಕಡೆ ಹೀಗೇ ಆಗಿ, ಮಣ್ಣೇ ಸರಿಯಿಲ್ಲ ಅಂತ ಬೈದುಕೊಳ್ಳುತ್ತಾರೆ.

ಎಷ್ಟು ಪಾಸ್ ಬೇಕಾಗುತ್ತದೆ?

ಒಂದು ಪಾಸ್ ಅಂದರೆ ಟ್ಯಾಂಕಿನ ಎಣ್ಣೆಯಷ್ಟು ಪ್ರಮಾಣ ಒಮ್ಮೆ ಮೆಷಿನ್ ಮೂಲಕ ಹೋಗುವುದು. ನೀರು ತೆಗೆಯಲು ಸಾಮಾನ್ಯವಾಗಿ ಮೂರರಿಂದ ಐದು. ಆದರೆ ಪಾಸ್ ಎಣಿಸಿ ನಿಲ್ಲಿಸುವುದು ಒಳ್ಳೆಯ ಅಭ್ಯಾಸ ಅಲ್ಲ. ಪರೀಕ್ಷೆಯ ಅಂಕಿ ನೋಡಿ ನಿಲ್ಲಿಸಬೇಕು.

ಕಾಯಿಲ್ ಮೇಲೆ ಕೂತ ಸ್ಲಡ್ಜ್ ತೊಳೆಯಬೇಕಾದರೆ ಲೆಕ್ಕವೇ ಬೇರೆ. ಎಣ್ಣೆಯನ್ನು 80 ಡಿಗ್ರಿ ಹತ್ತಿರಕ್ಕೆ ಕಾಯಿಸಿದರೆ ಅದು ತನ್ನದೇ ಸ್ಲಡ್ಜನ್ನು ಕರಗಿಸಿಕೊಳ್ಳುವ ಶಕ್ತಿ ಪಡೆಯುತ್ತದೆ. ಕರಗಿದ್ದನ್ನು ಮಣ್ಣು ಹಿಡಿಯುತ್ತದೆ, ಶುದ್ಧವಾದ ಬಿಸಿ ಎಣ್ಣೆ ಮತ್ತೆ ಹೋಗಿ ಇನ್ನಷ್ಟು ಕರಗಿಸುತ್ತದೆ. ಹತ್ತಕ್ಕೂ ಹೆಚ್ಚು ಪಾಸ್ ಬೇಕಾಗಬಹುದು, ದಿನಗಟ್ಟಲೆ ಹಿಡಿಯುತ್ತದೆ. ಹೊಸ ಎಣ್ಣೆ ಸುರಿದರೆ ಈ ತೊಳೆಯುವ ಕೆಲಸ ಆಗುವುದಿಲ್ಲ. ನನ್ನ ಮಟ್ಟಿಗೆ ರಿಕ್ಲೇಮ್‌ನ ನಿಜವಾದ ಲಾಭ ಇದೇ. ಎಣ್ಣೆಯ ದುಡ್ಡು ಉಳಿಯುವುದು ಅದರ ಜೊತೆಗೆ ಸಿಕ್ಕ ಲಾಭ ಅಷ್ಟೇ.

ಬೇಗ ಮುಗಿಸೋಣ ಅಂತ ಹೀಟರ್ ಜೋರು ಮಾಡುವವರಿದ್ದಾರೆ. ಹೀಟರ್ ಮೇಲ್ಮೈ ಅತಿಯಾಗಿ ಕಾದರೆ ಅಲ್ಲಿ ತಾಗಿದ ಎಣ್ಣೆ ಒಡೆದು ಅನಿಲ, ಮಸಿ ಎರಡೂ ಆಗುತ್ತವೆ. ಫ್ಲ್ಯಾಶ್ ಪಾಯಿಂಟ್, ಅಂದರೆ ಎಣ್ಣೆಯ ಆವಿ ಹೊತ್ತಿಕೊಳ್ಳುವ ತಾಪಮಾನ, ಇಳಿಯುತ್ತದೆ. ಎಣ್ಣೆ ಶುದ್ಧ ಮಾಡಲು ಹೋಗಿ ಕೆಡಿಸಿದಂತೆ.

ಇನ್ನೊಂದು ಎಚ್ಚರ: ಮೆಷಿನ್‌ನ ಕೋಣೆಯಲ್ಲಿ ವ್ಯಾಕ್ಯೂಮ್ ಬೇಕು, ಟ್ರಾನ್ಸ್‌ಫಾರ್ಮರ್ ಟ್ಯಾಂಕಿಗೆ ಅಲ್ಲ. ಮಡಿಕೆ ತಗಡಿನ ಸಣ್ಣ ಟ್ಯಾಂಕ್‌ಗಳು ಪೂರ್ತಿ ವ್ಯಾಕ್ಯೂಮ್ ತಡೆಯುವುದಿಲ್ಲ, ಒಳಕ್ಕೆ ಬಾಗುತ್ತವೆ. ತಯಾರಕರು ತಡೆಯುತ್ತದೆ ಅಂತ ಬರೆದುಕೊಟ್ಟಿದ್ದರೆ ಮಾತ್ರ ಟ್ಯಾಂಕಿಗೆ ಎಳೆಯಿರಿ.

ಶುದ್ಧ ಮಾಡಿದ ಎಣ್ಣೆ ಹೊಸದಕ್ಕೆ ಸಮ ಅಂತ ನಂಬಬಹುದಾ?

ಸರಿಯಾಗಿ ಮಾಡಿದ್ದರೆ, ಅಂಕಿಗಳು ಹೇಳುತ್ತಿದ್ದರೆ, ನಂಬಬಹುದು. ಐಇಸಿ 60296ರ 2020ರ ಆವೃತ್ತಿ ಹೊಸ ಎಣ್ಣೆ ಮತ್ತು ಮರುಬಳಕೆಗೆ ತಯಾರಾದ ಎಣ್ಣೆ ಎರಡನ್ನೂ ಒಂದೇ ಮಾನದಂಡದೊಳಗೆ ತಂದಿದೆ. ಎಲ್ಲಿಂದ ಬಂತು ಅನ್ನುವುದಕ್ಕಿಂತ ಪರೀಕ್ಷೆಯಲ್ಲಿ ನಿಂತಿತಾ ಅನ್ನುವುದು ಮುಖ್ಯ ಅಂತ ಜಗತ್ತೇ ಒಪ್ಪಿದೆ. "ಹಳೇ ಎಣ್ಣೆ" ಅಂತ ಮೂಗು ಮುರಿಯುವುದನ್ನು ನಾವೂ ಬಿಡಬೇಕು.

ಒಂದು ಷರತ್ತು ಇದೆ. ಎಣ್ಣೆಯಲ್ಲಿ ಹುಟ್ಟಿನಿಂದ ಇರುವ, ಆಮ್ಲಜನಕವನ್ನು ತಡೆಯುವ ಕೆಲವು ಪದಾರ್ಥಗಳು ವರ್ಷಗಳ ಬಳಕೆಯಲ್ಲಿ ಖರ್ಚಾಗಿರುತ್ತವೆ, ಉಳಿದದ್ದರಲ್ಲಿ ಸ್ವಲ್ಪ ಮಣ್ಣಿಗೆ ಹೋಗುತ್ತದೆ. ಅದಕ್ಕೇ ರಿಕ್ಲೇಮ್ ಆದ ಮೇಲೆ ಡಿಬಿಪಿಸಿ ಎಂಬ ಇನ್‌ಹಿಬಿಟರ್ ಬೆರೆಸಬೇಕು. ತೂಕದ ಲೆಕ್ಕದಲ್ಲಿ ಶೇ 0.3ರ ಆಸುಪಾಸು. ಇದನ್ನು ಬಿಟ್ಟರೆ ಎಣ್ಣೆ ನೋಡಲು ಹೊಸದರಂತೆ ಇರುತ್ತದೆ, ಆದರೆ ಬೇಗ ಮತ್ತೆ ಕೆಡುತ್ತದೆ. ರಿಕ್ಲೇಮ್‌ಗೆ ಕೆಟ್ಟ ಹೆಸರು ಬಂದಿರುವುದರಲ್ಲಿ ಈ ಮರೆವಿನ ಪಾಲು ದೊಡ್ಡದು.

ಟ್ರಾನ್ಸ್‌ಫಾರ್ಮರ್ ಚಾಲೂ ಇರುವಾಗಲೇ ಮಾಡಬಹುದಾ?

ದೊಡ್ಡವುಗಳಲ್ಲಿ ಮಾಡುತ್ತಾರೆ. ಸಾಮಾನ್ಯವಾಗಿ ಕೆಳಗಿನಿಂದ ಎಣ್ಣೆ ತೆಗೆದು ಮೇಲಿನಿಂದ ನಿಧಾನವಾಗಿ ವಾಪಸ್ ಬಿಡುತ್ತಾರೆ. ಗಾಳಿಗುಳ್ಳೆ ಒಳಗೆ ಹೋಗಬಾರದು, ಹೋದರೆ ಬುಖೋಲ್ಜ್ ರಿಲೇ (ಒಳಗೆ ಅನಿಲ ಸೇರಿದರೆ ಲೈನ್ ಕಡಿಯುವ ರಕ್ಷಣಾ ಸಾಧನ) ಟ್ರಿಪ್ ಆಗಬಹುದು, ಅದಕ್ಕಿಂತ ಕೆಟ್ಟದ್ದೂ ಆಗಬಹುದು. ಒಣ ಎಣ್ಣೆ ಪೈಪಿನಲ್ಲಿ ಜೋರಾಗಿ ಹರಿದರೆ ಸ್ಥಾಯೀ ವಿದ್ಯುತ್ ಹುಟ್ಟುತ್ತದೆ. ಹಾಗಾಗಿ ಟ್ಯಾಂಕ್, ಮೆಷಿನ್, ಪೈಪ್ ಎಲ್ಲಕ್ಕೂ ಅರ್ತಿಂಗ್ ಇರಲೇಬೇಕು. ಅನುಭವ ಇರುವ ತಂಡ ಅಲ್ಲದಿದ್ದರೆ ಲೈನ್ ಬಂದ್ ಮಾಡಿಸಿ ಮಾಡಿ. ನಮ್ಮ ಊರುಗಳ ಸಣ್ಣ ಟಿಸಿಗಳಲ್ಲಿ ಚಾಲೂ ಇರುವಾಗ ಮುಟ್ಟುವ ಮಾತೇ ಇಲ್ಲ.

ಕರಗಿದ ಅನಿಲಗಳ ಪರೀಕ್ಷೆಯನ್ನು ಮೊದಲು ಮಾಡಿಸಬೇಕಾ, ಆಮೇಲಾ?

ಎರಡೂ ಸಲ. ಒಳಗೆ ಎಲ್ಲೋ ಸಡಿಲ ಜಾಯಿಂಟ್ ಬಿಸಿಯಾಗುತ್ತಿದ್ದರೆ ಎಥಿಲೀನ್ ಬರುತ್ತದೆ, ಕಿಡಿ ಹಾರುತ್ತಿದ್ದರೆ ಅಸಿಟಿಲೀನ್ ಬರುತ್ತದೆ. ಆ ಗುರುತುಗಳು ಎಣ್ಣೆಯಲ್ಲಿ ಕರಗಿರುತ್ತವೆ. ವ್ಯಾಕ್ಯೂಮ್ ಫಿಲ್ಟರ್ ಅವನ್ನೆಲ್ಲ ಅಳಿಸಿಹಾಕುತ್ತದೆ. ಮೊದಲೇ ಪರೀಕ್ಷೆ ಮಾಡಿಸದಿದ್ದರೆ ದೋಷದ ಸುಳಿವು ಕೈತಪ್ಪಿತು. ಕೆಲಸ ಮುಗಿದ ಮೇಲೆ ಇನ್ನೊಂದು ಸ್ಯಾಂಪಲ್ ತೆಗೆದು ಅದನ್ನು ಹೊಸ ಶುರು ಅಂತ ಇಟ್ಟುಕೊಳ್ಳಿ. ಫ್ಯುರಾನ್ ಪರೀಕ್ಷೆಗೂ ಇದೇ ಮಾತು. ಕಾಗದ ಎಷ್ಟು ಸವೆದಿದೆ ಅನ್ನುವ ಸುಳಿವು ಅದರಲ್ಲೇ ಇರುವುದು, ಅದನ್ನೂ ಮಣ್ಣು ಹೀರಿಬಿಡುತ್ತದೆ.

ಯಾವ ಎಣ್ಣೆಯನ್ನು ಈ ಮೆಷಿನ್‌ಗೆ ಹಾಕಲೇಬಾರದು?

ಪಿಸಿಬಿ ಇರುವ ಎಣ್ಣೆ. ಬೆಂಕಿ ಹಿಡಿಯದು ಅಂತ ಹಿಂದೆ ಕೆಲವು ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಪಾಲಿಕ್ಲೋರಿನೇಟೆಡ್ ಬೈಫಿನೈಲ್ ತುಂಬುತ್ತಿದ್ದರು. ಆಸ್ಕರೆಲ್ ಅಂತ ಕರೆಯುತ್ತಿದ್ದದ್ದು ಇದನ್ನೇ. ಕ್ಯಾನ್ಸರ್ ತರುವ, ಮಣ್ಣಿನಲ್ಲೂ ದೇಹದ ಕೊಬ್ಬಿನಲ್ಲೂ ದಶಕಗಟ್ಟಲೆ ಉಳಿಯುವ ವಿಷ. ಇಂಥ ವಿಷಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದಕ್ಕೆ ಭಾರತವೂ ಸೇರಿದೆ. ಕೇಂದ್ರ ಸರ್ಕಾರ 2016ರಲ್ಲಿ ಹೊರಡಿಸಿದ ಆದೇಶ ಪಿಸಿಬಿ ತಯಾರಿಕೆ, ಆಮದನ್ನು ನಿಷೇಧಿಸಿತು, ಬಳಕೆಗೆ 2025ರ ಡಿಸೆಂಬರ್ 31ರ ಗಡುವು ಇಟ್ಟಿತು. ದೇಶದಲ್ಲಿ ಪಿಸಿಬಿ ಹುಡುಕಿ ನಾಶ ಮಾಡುವ ಯೋಜನೆಯಲ್ಲಿ ನಮ್ಮ ಬೆಂಗಳೂರಿನ ಸಿಪಿಆರ್‌ಐ ವಿಶ್ವಸಂಸ್ಥೆಯ ಯುನಿಡೊ ಜೊತೆ ಕೆಲಸ ಮಾಡಿದೆ.

ಇಲ್ಲಿ ಅಪಾಯ ಒಂದೇ ಟ್ರಾನ್ಸ್‌ಫಾರ್ಮರ್‌ಗೆ ನಿಲ್ಲುವುದಿಲ್ಲ. ಪಿಸಿಬಿ ಇದ್ದ ಎಣ್ಣೆ ಒಮ್ಮೆ ಫಿಲ್ಟರ್ ಮೆಷಿನ್‌ನಲ್ಲಿ ಹೋಯಿತು ಅಂದರೆ ಪೈಪು, ಪಂಪು, ಜರಡಿಯಲ್ಲಿ ಉಳಿದದ್ದು ಮುಂದಿನ ಟ್ರಾನ್ಸ್‌ಫಾರ್ಮರ್‌ಗೂ ಹೋಗುತ್ತದೆ. ಪಿಸಿಬಿ ನೀರಿಗೆ ಹಾಕಿದರೆ ಮುಳುಗುತ್ತದೆ, ಖನಿಜ ಎಣ್ಣೆ ತೇಲುತ್ತದೆ ಎನ್ನುವ ಹಳೆಯ ಪರೀಕ್ಷೆ ಶುದ್ಧ ಆಸ್ಕರೆಲ್‌ಗೆ ಮಾತ್ರ ಸರಿ. ಬೆರಕೆ ಎಣ್ಣೆಗೆ ಲ್ಯಾಬ್ ಪರೀಕ್ಷೆಯೇ ಬೇಕು. ಹಳೆಯ ಟ್ರಾನ್ಸ್‌ಫಾರ್ಮರ್ ಆದರೆ, ಇತಿಹಾಸ ಗೊತ್ತಿಲ್ಲದಿದ್ದರೆ, ಮೊದಲು ಪಿಸಿಬಿ ರಿಪೋರ್ಟ್, ಆಮೇಲೆ ಮೆಷಿನ್. ಇದರಲ್ಲಿ ರಾಜಿ ಬೇಡ.

ಎರಡನೆಯದು, ತಾಮ್ರವನ್ನು ತಿನ್ನುವ ಗಂಧಕದ ಸಂಯುಕ್ತ ಇರುವ ಎಣ್ಣೆ. ಡಿಬಿಡಿಎಸ್ ಇದರಲ್ಲಿ ಮುಖ್ಯ. ಮಾಮೂಲಿ ಮಣ್ಣು ಇದನ್ನು ಪೂರ್ತಿ ತೆಗೆಯುವುದಿಲ್ಲ, ಬೇರೆ ವಿಧಾನ ಬೇಕು. ಜೊತೆಗೆ, ತಾಮ್ರದ ರಕ್ಷಣೆಗೆ ಅಂತ ಹಿಂದೆ ಪ್ಯಾಸಿವೇಟರ್ ಹಾಕಿದ್ದರೆ ಮಣ್ಣು ಅದನ್ನು ಹೀರಿಬಿಡುತ್ತದೆ. ಮತ್ತೆ ಹಾಕಬೇಕು.

ಸಿಲಿಕೋನ್, ಎಸ್ಟರ್ ಎಣ್ಣೆಗಳನ್ನು ಖನಿಜ ಎಣ್ಣೆಯ ಜೊತೆ ಬೆರೆಸಬೇಡಿ. ಟ್ಯಾಪ್ ಚೇಂಜರ್ (ವೋಲ್ಟೇಜ್ ಹೆಚ್ಚುಕಡಿಮೆ ಮಾಡುವ ಭಾಗ) ಎಣ್ಣೆಯನ್ನೂ ಪ್ರತ್ಯೇಕ ಇಡಿ, ಅದರಲ್ಲಿ ಕಿಡಿಯ ಮಸಿ, ಅಸಿಟಿಲೀನ್ ಇರುತ್ತದೆ.

ಊರಿನ 25 ಕೆವಿಎ, 63 ಕೆವಿಎ ಟಿಸಿಗಳಿಗೆ ಇದೆಲ್ಲ ಲಾಭವಾ?

ಒಂದೊಂದಕ್ಕೆ ಮೆಷಿನ್ ತಂದು ಮಾಡುವುದು ಲಾಭ ಅಲ್ಲ. ಆದರೆ ರಿಪೇರಿಗೆ ಬರುವ ಟಿಸಿಗಳ ಎಣ್ಣೆ ಒಟ್ಟು ಸೇರಿದರೆ ಸಾವಿರಾರು ಲೀಟರ್. ಅದನ್ನು ಒಂದೇ ಕಡೆ ರಿಕ್ಲೇಮ್ ಮಾಡಿದರೆ ಖಂಡಿತ ಲಾಭ. ಮಾಡಬೇಕಾದ್ದು ಇಷ್ಟೇ: ಬಂದ ಎಣ್ಣೆಯ ಆಮ್ಲೀಯತೆ ಮೊದಲೇ ನೋಡಿ ಎರಡು ತೊಟ್ಟಿಗೆ ಬೇರೆ ಮಾಡುವುದು. ಕಡಿಮೆ ಆಮ್ಲದ್ದಕ್ಕೆ ಫಿಲ್ಟರ್ ಸಾಕು. ಜಾಸ್ತಿ ಇರುವುದು ರಿಕ್ಲೇಮ್‌ಗೆ. ಶೆಡ್ಡಿನಲ್ಲೇ ಬಣ್ಣ ಬದಲಾಗುವ ದ್ರಾವಣದ ಸಣ್ಣ ಕಿಟ್‌ನಿಂದ ಅಂದಾಜು ಆಮ್ಲೀಯತೆ ನಿಮಿಷಗಳಲ್ಲಿ ಗೊತ್ತಾಗುತ್ತದೆ.

ಕಡಿಮೆಯಾದ ಎಣ್ಣೆ ತುಂಬುವಾಗಲೂ ಜೋಪಾನ. ಶೇ 5ರೊಳಗೆ ಟಾಪ್ ಅಪ್ ಆದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಬಹಳ ಹಳೆಯ ಎಣ್ಣೆಗೆ ಜಾಸ್ತಿ ಹೊಸ ಎಣ್ಣೆ ಬೆರೆಸಿದರೆ ಕರಗಿದ್ದ ಸ್ಲಡ್ಜ್ ಥಟ್ಟನೆ ಕೆಳಗೆ ಕೂರಬಹುದು.

ಹಳೆಯ ಎಣ್ಣೆ ಯಾರಿಗೆ ಬೇಕಾದರೂ ಮಾರಬಹುದಾ?

ಇಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಎಣ್ಣೆಯ ವ್ಯಾಖ್ಯೆಯೊಳಗೆ ಟ್ರಾನ್ಸ್‌ಫಾರ್ಮರ್ ಎಣ್ಣೆಯ ಹೆಸರೂ ಇದೆ. ಅನುಮತಿ ಪಡೆದ ಮರುಸಂಸ್ಕರಣೆಯವರಿಗೇ ಕೊಡಬೇಕು. ಕರ್ನಾಟಕದಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪತ್ರ ತೋರಿಸಿ ಅಂತ ಕೇಳಿ, ಅವಧಿ ಮುಗಿದಿದೆಯಾ ನೋಡಿ. ಎಣ್ಣೆ ಹೀರಿದ ಮಣ್ಣು ಕೂಡ ಅಪಾಯಕಾರಿ ತ್ಯಾಜ್ಯವೇ. ರಸ್ತೆ ಗುಂಡಿಗೆ, ಕೆರೆ ಏರಿಗೆ ಸುರಿಯುವಂತಿಲ್ಲ. ಗಂಧಕಾಮ್ಲ ಹಾಕಿ ಎಣ್ಣೆ "ಬಿಳಿ" ಮಾಡಿಕೊಡುತ್ತೇವೆ ಅನ್ನುವವರ ಹತ್ತಿರ ಹೋಗಬೇಡಿ. ಅವರ ಹಿತ್ತಲಲ್ಲಿ ಉಳಿಯುವ ಆಮ್ಲದ ಕೊಳೆ ಯಾರದೋ ಬಾವಿಗೆ ಇಳಿಯುತ್ತದೆ.

ಮಂಡಿನೋವಿಗೆ ಹಚ್ಚಬಹುದಾ? ಮರಕ್ಕೆ ಗೆದ್ದಲು ಬರದಂತೆ ಬಳಿಯಬಹುದಾ?

ಮೈಗೆ ಹಚ್ಚಬೇಡಿ. ನೋವಿಗೆ ಇದರಲ್ಲಿ ಔಷಧಿ ಏನೂ ಇಲ್ಲ. ಹಳೆಯ ಎಣ್ಣೆಯಲ್ಲಿ ಆಮ್ಲ, ಸುಟ್ಟ ಪದಾರ್ಥ ಇರುತ್ತವೆ, ಪಿಸಿಬಿ ಇದೆಯೋ ಇಲ್ಲವೋ ಪರೀಕ್ಷೆ ಮಾಡದೆ ಗೊತ್ತಾಗುವುದಿಲ್ಲ. ದನದ ಗಾಯಕ್ಕೂ ಬೇಡ. ಮನೆಯ ಬಾಗಿಲು, ತೊಟ್ಟಿಲಿಗೆ ಬಳಿಯುವುದೂ ಬೇಡ, ಮಕ್ಕಳ ಕೈ ಬಾಯಿಗೆ ಹೋಗುತ್ತದೆ. ಟಿಸಿಯಿಂದ ಎಣ್ಣೆ ಕದಿಯಲು ಹೋಗಿ ಕರೆಂಟ್ ತಗುಲಿ ಸಾಯುವವರೂ ಇದ್ದಾರೆ. ಎಣ್ಣೆ ಕಡಿಮೆಯಾದ ಟಿಸಿ ಸುಟ್ಟು ಊರಿಗೆ ಊರೇ ಕತ್ತಲಲ್ಲಿ ಕೂರುತ್ತದೆ.

ಕೆಲಸ ಮಾಡುವಾಗ ನೆಲಕ್ಕೆ ಚೆಲ್ಲಿದರೆ?

ನೀರು ಹಾಕಿ ತೊಳೆಯಬೇಡಿ. ಮರದ ಪುಡಿ, ಒಣ ಮರಳು ಹಾಕಿ ಹೀರಿಸಿ, ಗುಡಿಸಿ, ಬೇರೆ ಡ್ರಮ್‌ನಲ್ಲಿ ತುಂಬಿ ತ್ಯಾಜ್ಯದ ಲೆಕ್ಕಕ್ಕೆ ಸೇರಿಸಿ. ಚರಂಡಿ ಬಾಯಿಗೆ ಮೊದಲೇ ಮರಳಿನ ಚೀಲ ಇಟ್ಟುಕೊಂಡು ಕೆಲಸ ಶುರು ಮಾಡಿ.

ಒಮ್ಮೆ ರಿಕ್ಲೇಮ್ ಮಾಡಿಸಿದರೆ ಎಷ್ಟು ವರ್ಷ ಬರುತ್ತದೆ?

ಲೋಡ್, ಶಾಖ, ಬ್ರೀದರ್ ಮೂರರ ಮೇಲೆ ನಿಂತಿದೆ. ಸ್ಲಡ್ಜ್ ಪೂರ್ತಿ ತೊಳೆದು, ಇನ್‌ಹಿಬಿಟರ್ ಹಾಕಿದ್ದರೆ ಹಲವು ವರ್ಷ ನಿಶ್ಚಿಂತೆ. ಆಮ್ಲೀಯತೆ 0.15 ಆಸುಪಾಸು ಇರುವಾಗಲೇ ಮಾಡಿಸಿದರೆ ಕೆಲಸವೂ ಸುಲಭ, ಕಾಗದವೂ ಉಳಿಯುತ್ತದೆ. 0.4ರವರೆಗೆ ಕಾದು ಮಾಡಿಸಿದರೆ ಎಣ್ಣೆ ಸರಿಹೋಗುತ್ತದೆ, ಅಷ್ಟರಲ್ಲಿ ಕಾಗದಕ್ಕೆ ಆದ ಪೆಟ್ಟು ಹಾಗೇ ಉಳಿಯುತ್ತದೆ.

ಮಾಡಿಸಿದ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ಆಮ್ಲೀಯತೆ, ನೀರು ನೋಡಿ. ಕಾಗದದೊಳಗೆ ಉಳಿದದ್ದು ಎಣ್ಣೆಗೆ ಇಳಿದು ಅಂಕಿ ಸ್ವಲ್ಪ ಏರುವುದು ಸಹಜ. ಆಮೇಲೆ ವರ್ಷಕ್ಕೊಮ್ಮೆ ಸಾಕು. ಬ್ರೀದರ್‌ನ ಸಿಲಿಕಾ ಜೆಲ್ ನೀಲಿಯಿಂದ ಗುಲಾಬಿಗೆ ತಿರುಗಿದ್ದರೆ ಅವತ್ತೇ ಬದಲಾಯಿಸಿ. ಅದರ ಕೆಳಗಿನ ಬಟ್ಟಲಿನಲ್ಲಿ ಎಣ್ಣೆ ಇದೆಯಾ ಅಂತಲೂ ನೋಡಿ. ಎಷ್ಟೋ ಕಡೆ ಅದು ಒಣಗಿ ಜೇಡ ಗೂಡು ಕಟ್ಟಿರುತ್ತದೆ.